ಹಳೇ ಹೋಮ್ ಕಂಪ್ಯೂಟರ್‌ಗೆ ಎಸ್‌ಡಿ ಕಾರ್ಡಿನಿಂದ ಸಾಫ್ಟ್‌ವೇರ್ ಲೋಡ್ ಮಾಡುವುದು ಹೇಗೆ

ಹಳೇ ಕಂಪ್ಯೂಟರ್ ಸಿಕ್ಕಿದೆ. ಟಿವಿಗೆ ಜೋಡಿಸಿದ್ದಾಯಿತು, ಸ್ವಿಚ್ ಹಾಕಿದ್ದಾಯಿತು, ಕರ್ಸರ್ ಮಿನುಗುತ್ತಿದೆ. ಆದರೆ ಲೋಡ್ ಮಾಡಲು ಏನೂ ಇಲ್ಲ. ಜೊತೆಗೆ ಬಂದ ಕ್ಯಾಸೆಟ್‌ಗಳಲ್ಲಿ ಅರ್ಧಕ್ಕರ್ಧ ಓದುವುದಿಲ್ಲ, ಫ್ಲಾಪಿ ಡ್ರೈವ್ ಕರಕರ ಅಂತ ಸದ್ದು ಮಾಡಿ ಸುಮ್ಮನಾಗುತ್ತದೆ. ಇಲ್ಲಿಗೆ ಬಂದು ನಿಂತವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಈಗ ಹೆಚ್ಚುಕಡಿಮೆ ಎಲ್ಲಾ ಹಳೇ ಮಷೀನಿಗೂ ಹೊಸ ಬೋರ್ಡ್‌ಗಳು ಬಂದಿವೆ. ಒಂದು ಎಸ್‌ಡಿ ಕಾರ್ಡೋ ಪೆನ್ ಡ್ರೈವೋ ಸಿಕ್ಕಿಸಿದರೆ ಸಾವಿರ ಡಿಸ್ಕ್‌ಗಳ ಜಾಗದಲ್ಲಿ ಅದೊಂದೇ ಸಾಕು. ಎಲ್ಲರೂ ಕೇಳುವುದು "ಇದರಲ್ಲಿ ಯಾವುದು ಬೆಸ್ಟ್" ಅಂತ. ನಾನು ಬೇರೆ ಪ್ರಶ್ನೆ ಕೇಳಿ ಅನ್ನುತ್ತೇನೆ. ಈ ಬೋರ್ಡ್ ಹಳೇ ಡ್ರೈವಿನ ವೇಷವನ್ನು ಎಷ್ಟರ ಮಟ್ಟಿಗೆ ಹಾಕುತ್ತದೆ? ಬರೀ ಫೈಲ್ ತಂದು ಕೊಡುತ್ತದೋ, ಅಥವಾ ಡ್ರೈವಿನ ಒಳಗಿನ ಚಿಪ್ ಏನೇನು ಮಾಡುತ್ತಿತ್ತೋ ಅದನ್ನೆಲ್ಲ ಹಾಗೇ ಮಾಡುತ್ತದೋ? ನಿಮ್ಮ ಗೇಮ್ ಓಡುವುದೂ ಬಿಡುವುದೂ ಬಹುಪಾಲು ಇದರ ಮೇಲೇ ನಿಂತಿದೆ. ಅದಕ್ಕೇ ಒಂದೊಂದು ಮಷೀನಿಗೆ ಬಂದಾಗಲೂ ಈ ಪ್ರಶ್ನೆಗೆ ವಾಪಸ್ ಬರುತ್ತೇನೆ.

ಮೊದಲು ಕರೆಂಟ್

ಯಾವ ಬೋರ್ಡನ್ನೂ ಕೊಳ್ಳುವ ಮೊದಲು ಒಂದು ಮಲ್ಟಿಮೀಟರ್ ತೆಗೆದುಕೊಳ್ಳಿ. 80ರ ದಶಕದ ಹೋಮ್ ಕಂಪ್ಯೂಟರ್ ಕಮಡೋರ್ 64 ಇದ್ದರಂತೂ ಇದು ಬಿಡುವಂಥದ್ದೇ ಅಲ್ಲ. ಅದರ ಜೊತೆ ಬಂದ ಹಳೇ ಇಟ್ಟಿಗೆಯಂಥ ಪವರ್ ಸಪ್ಲೈ 5 ವೋಲ್ಟ್ ಡಿಸಿ ಮತ್ತು 9 ವೋಲ್ಟ್ ಎಸಿ ಕೊಡುತ್ತದೆ. ವಯಸ್ಸಾದ ಹಾಗೆ ಅದರೊಳಗಿನ ರೆಗ್ಯುಲೇಟರ್ ಕೆಡುತ್ತದೆ. ಕೆಟ್ಟಾಗ ಸುಮ್ನೆ ನಿಂತುಹೋದರೆ ಪರವಾಗಿಲ್ಲ, ಆದರೆ ಅದು 5ರ ಬದಲು ಜಾಸ್ತಿ ವೋಲ್ಟೇಜ್ ಕಳಿಸಲು ಶುರು ಮಾಡುತ್ತದೆ. ಅದರಿಂದ ರ‍್ಯಾಮ್ ಚಿಪ್‌ಗಳು ಹೋಗುತ್ತವೆ. ನೀವು ಹಾಕಿದ ಹೊಸ ಬೋರ್ಡ್ ಕೂಡ ಅದೇ 5 ವೋಲ್ಟ್‌ನಿಂದಲೇ ಓಡುವುದಾದರೆ ಅದೂ ಜೊತೆಗೇ ಹೋಗುತ್ತದೆ. ಅಳೆದಾಗ 4.75ರಿಂದ 5.25ರ ಒಳಗಿದ್ದರೆ ಸರಿ. ಆದರೂ ನನ್ನ ಮಾತು ಕೇಳುವುದಾದರೆ ಹಳೆಯದನ್ನು ಪಕ್ಕಕ್ಕಿಟ್ಟು ಹೊಸ ಸಪ್ಲೈ ಒಂದನ್ನು ತೆಗೆದುಕೊಳ್ಳಿ, ಯಾಕೆಂದರೆ ಇವತ್ತು ಸರಿ ತೋರಿಸಿದ್ದು ನಾಳೆ ಒಂದು ಗಂಟೆ ಬಿಸಿಯಾದ ಮೇಲೂ ಸರಿ ಇರುತ್ತದೆ ಅನ್ನುವ ಭರವಸೆ ಇಲ್ಲ.

ಅದೇ ಕಾಲದ ಮತ್ತೊಂದು ಹೋಮ್ ಕಂಪ್ಯೂಟರ್ ಝಡ್‌ಎಕ್ಸ್ ಸ್ಪೆಕ್ಟ್ರಮ್‌ನದು ಇನ್ನೊಂದು ಕತೆ. ಅದರ 9 ವೋಲ್ಟ್ ಪ್ಲಗ್‌ನಲ್ಲಿ ನಡುವಿನ ಭಾಗ ಮೈನಸ್, ಹೊರಗಿನದು ಪ್ಲಸ್. ಇವತ್ತಿನ ಅಡಾಪ್ಟರ್‌ಗಳು ಬಹುತೇಕ ಇದಕ್ಕೆ ಉಲ್ಟಾ. ಪ್ಲಗ್ ಸೈಜು ಹೊಂದಿತು ಅಂತ ಚುಚ್ಚಬೇಡಿ.

ಇನ್ನೊಂದು ಮಾತು, ಇದು ಎಲ್ಲಾ ಮಷೀನಿಗೂ ಅನ್ವಯಿಸುತ್ತದೆ. ಆನ್ ಇರುವಾಗ ಹಿಂದಿನ ಸ್ಲಾಟಿಗೆ ಏನನ್ನೂ ಸಿಕ್ಕಿಸಬೇಡಿ, ತೆಗೆಯಲೂ ಬೇಡಿ. ಈಗಿನ ಯುಎಸ್‌ಬಿ ಅಭ್ಯಾಸ ನಮ್ಮ ಕೈಗೆ ಅಂಟಿಕೊಂಡುಬಿಟ್ಟಿದೆ, ಅದನ್ನು ಇಲ್ಲಿ ಮರೆಯಬೇಕು. ನಾನೇ ಒಮ್ಮೆ ಆನ್ ಇದ್ದ ಸ್ಪೆಕ್ಟ್ರಮ್‌ನಿಂದ ಬೋರ್ಡ್ ಎಳೆದಿದ್ದೇನೆ. ಬೋರ್ಡ್ ಸ್ವಲ್ಪ ವಾಲಿದ್ದೇ ತಡ, ಪಕ್ಕದ ಪಿನ್‌ಗೆ ತಗುಲಿತು, ಪರದೆ ಕಪ್ಪಾಯಿತು. ಮೆಮೊರಿ ಚಿಪ್‌ಗಳನ್ನು ಬದಲಾಯಿಸುವವರೆಗೆ ಅದು ಮತ್ತೆ ಏಳಲಿಲ್ಲ. ಇವತ್ತಿಗೂ ನೆನೆದರೆ ಬೇಜಾರಾಗುತ್ತದೆ.

ಕ್ಯಾಸೆಟ್ ದಾರಿ: ಫೋನಿನಿಂದಲೇ ಶುರು ಮಾಡಿ

ಸ್ಪೆಕ್ಟ್ರಮ್‌ನಂಥ ಕ್ಯಾಸೆಟ್ ಮಷೀನ್ ಇದ್ದರೆ ಮೊದಲ ದಿನ ಏನೂ ಕೊಳ್ಳಬೇಕಾಗಿಲ್ಲ. ಕ್ಯಾಸೆಟ್‌ನಲ್ಲಿ ಇದ್ದದ್ದು ಸದ್ದು, ಅಷ್ಟೇ ಅಲ್ವಾ? ಆ ಸದ್ದನ್ನು ಫೋನ್ ಅಥವಾ ಲ್ಯಾಪ್‌ಟಾಪ್‌ನಿಂದ ಬಿಟ್ಟರೂ ಮಷೀನಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಟ್ಯಾಪ್ ಅಥವಾ ಟಿಝಡ್‌ಎಕ್ಸ್ ಫೈಲನ್ನು (ಕ್ಯಾಸೆಟ್‌ನಲ್ಲಿದ್ದದ್ದನ್ನು ಎತ್ತಿಟ್ಟ ಫೈಲ್‌ಗಳಿವು) ವೇವ್ ಫೈಲ್ ಮಾಡಿಕೊಳ್ಳಿ, ಹೆಡ್‌ಫೋನ್ ಜಾಕ್‌ನಿಂದ ಸ್ಪೆಕ್ಟ್ರಮ್‌ನ ಇಯರ್ ಸಾಕೆಟ್‌ಗೆ ಒಂದು ಕೇಬಲ್ ಹಾಕಿ. ಮೋನೋ ಕೇಬಲ್ ಆದರೆ ಒಳ್ಳೆಯದು. ಸ್ಪೆಕ್ಟ್ರಮ್‌ನಲ್ಲಿ ಜೆ ಕೀ ಒತ್ತಿದರೆ ಲೋಡ್ ಅನ್ನುವ ಪದ ಪೂರ್ತಿಯಾಗಿ ಬರುತ್ತದೆ. ಆಮೇಲೆ ಸಿಂಬಲ್ ಶಿಫ್ಟ್ ಹಿಡಿದು ಪಿ ಎರಡು ಸಲ ಒತ್ತಿ, ಎಂಟರ್ ಒತ್ತಿ, ಪ್ಲೇ ಮಾಡಿ.

ವಾಲ್ಯೂಮ್ ಮುಕ್ಕಾಲು ಭಾಗಕ್ಕಿಂತ ಮೇಲೆ ಇಟ್ಟು ನೋಡಿ. ಬಾಸ್ ಹೆಚ್ಚಿಸುವುದು, ಈಕ್ವಲೈಜರ್, ಸರೌಂಡ್ ಎಲ್ಲ ಆಫ್ ಇರಲಿ. ಬ್ಲೂಟೂತ್ ಬೇಡ. ಎಂಪಿ3 ಕೂಡ ಬೇಡ, ಅದು ಸದ್ದನ್ನು ಕಿವಿಗೆ ತಕ್ಕ ಹಾಗೆ ಕತ್ತರಿಸುತ್ತದೆ, ಮಷೀನಿಗೆ ಬೇಕಾದ ಚೂಪು ಅಂಚು ಹೋಗುತ್ತದೆ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಲೇಬೇಕು. ಸ್ಪೆಕ್ಟ್ರಮ್ ಕ್ಯಾಸೆಟ್‌ನಿಂದ ಸೆಕೆಂಡಿಗೆ ಸುಮಾರು 1500 ಬಿಟ್ ಓದುತ್ತದೆ, 48ಕೆ ಗೇಮ್ ಲೋಡ್ ಆಗಲು ನಾಲ್ಕು ನಿಮಿಷಕ್ಕಿಂತ ಜಾಸ್ತಿ ಬೇಕು. ಮೂರೂ ಮುಕ್ಕಾಲು ನಿಮಿಷ ಕಾದ ಮೇಲೆ ಒಂದು ಮೆಸೇಜ್ ಟಿಂಗ್ ಅಂದರೆ ಮತ್ತೆ ಮೊದಲಿನಿಂದ.

ಟಿವಿ ಅಂಚಿನ ಬಣ್ಣ ನೋಡಿದರೆ ಏನಾಗುತ್ತಿದೆ ಅಂತ ಗೊತ್ತಾಗುತ್ತದೆ. ಕೆಂಪು ಮತ್ತು ತಿಳಿನೀಲಿ ನಿಧಾನವಾಗಿ ಬದಲಾಗುತ್ತಿದ್ದರೆ ಸದ್ದೇ ತಲುಪುತ್ತಿಲ್ಲ. ಅದೇ ಎರಡು ಬಣ್ಣದ ಅಗಲ ಪಟ್ಟೆಗಳು ಹರಿದಾಡಿದರೆ ಶುರುವಿನ ಸ್ವರ ಕೇಳಿಸಿದೆ. ನೀಲಿ ಮತ್ತು ಹಳದಿ ತೆಳು ಪಟ್ಟೆಗಳು ಬಂದರೆ ಡೇಟಾ ಬರುತ್ತಿದೆ. ಪಟ್ಟೆ ಬಂದೂ ಕೊನೆಗೆ ಟೇಪ್ ಲೋಡಿಂಗ್ ಎರರ್ ಬಂದರೆ ವಾಲ್ಯೂಮ್ ಒಂದೊಂದೇ ಮೆಟ್ಟಿಲು ಬದಲಾಯಿಸಿ ನೋಡಿ.

ದಿನಾ ಬಳಸುವುದಾದರೆ ಫೋನ್ ಕಾಟ ಅನ್ನಿಸುತ್ತದೆ. ಆಗ ಟಿಝಡ್‌ಎಕ್ಸ್‌ಡುಯಿನೊ ತೆಗೆದುಕೊಳ್ಳಿ. ಆರ್ಡುಯಿನೊ ಅನ್ನುವ ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡ್ ಮೇಲೆ ಕಟ್ಟಿದ ಸಣ್ಣ ಡಬ್ಬಿ. ಎಸ್‌ಡಿ ಕಾರ್ಡಿನಲ್ಲಿರುವ ಫೈಲನ್ನು ಆರಿಸಿ ಪ್ಲೇ ಒತ್ತಿದರೆ ಕ್ಯಾಸೆಟ್ ಸದ್ದನ್ನು ತಾನೇ ಹುಟ್ಟಿಸುತ್ತದೆ. ವೇಗ ಹೆಚ್ಚೇನೂ ಆಗುವುದಿಲ್ಲ, ಕಾಯುವುದು ಕಾಯುವುದೇ. ಆದರೆ ಇದು ಕ್ಯಾಸೆಟ್ಟಿನ ವೇಷವನ್ನು ಪೂರ್ತಿ ಹಾಕುತ್ತದೆ, ಹಾಗಾಗಿ ಕ್ಯಾಸೆಟ್‌ನಿಂದ ಲೋಡ್ ಆಗುತ್ತಿದ್ದದ್ದು ಇದರಿಂದಲೂ ಆಗುತ್ತದೆ ಅಂತ ಧೈರ್ಯವಾಗಿ ಅಂದುಕೊಳ್ಳಬಹುದು.

ಕಮಡೋರ್ 64ಕ್ಕೆ ಫೋನ್ ಉಪಾಯ ನೇರವಾಗಿ ನಡೆಯುವುದಿಲ್ಲ. ಅದರ ಕ್ಯಾಸೆಟ್ ಪೋರ್ಟ್‌ಗೆ ಬರುವುದು ಸದ್ದಲ್ಲ, ಸದ್ದನ್ನು ಡಿಜಿಟಲ್ ಸಿಗ್ನಲ್ ಮಾಡುವ ಸರ್ಕ್ಯೂಟ್ ಡೇಟಾಸೆಟ್ (ಕಮಡೋರ್‌ನದೇ ಕ್ಯಾಸೆಟ್ ಪ್ಲೇಯರ್) ಒಳಗೇ ಇದೆ. ಅಲ್ಲಿಗೆ ಟ್ಯಾಪುಯಿನೊ ಅನ್ನುವ ಆರ್ಡುಯಿನೊ ಬೋರ್ಡ್ ಇದೆ. ಕೈಯಲ್ಲಿ ಓಡುವ ಡೇಟಾಸೆಟ್ ಇದ್ದರೆ ಕಾರ್ ಸ್ಟೀರಿಯೋಗೆ ಹಾಕುತ್ತಿದ್ದ ಕ್ಯಾಸೆಟ್ ಅಡಾಪ್ಟರನ್ನು ಅದರೊಳಗೆ ಇಟ್ಟು ಫೋನಿನಿಂದ ಪ್ಲೇ ಮಾಡಿಯೂ ನೋಡಬಹುದು.

ಸ್ಪೆಕ್ಟ್ರಮ್‌ಗೆ ಡಿವ್‌ಎಂಎಂಸಿ

ನಾಲ್ಕು ನಿಮಿಷ ಕಾಯಲು ಆಗದವರಿಗೆ ಇದು. ಹಿಂದಿನ ಎಡ್ಜ್ ಕನೆಕ್ಟರ್‌ಗೆ ಸಿಕ್ಕಿಸುವ ಬೋರ್ಡ್. ಇದರಲ್ಲಿ ಇಎಸ್‌ಎಕ್ಸ್‌ಡಾಸ್ ಅನ್ನುವ ಸಣ್ಣ ಆಪರೇಟಿಂಗ್ ಸಿಸ್ಟಂ ಓಡುತ್ತದೆ. ಬೋರ್ಡಿನ ಮೇಲಿರುವ ಎನ್‌ಎಂಐ ಬಟನ್ ಒತ್ತಿದರೆ ಫೈಲ್‌ಗಳ ಪಟ್ಟಿ ಬರುತ್ತದೆ, ಗೇಮ್ ಆರಿಸಿದರೆ ಸೆಕೆಂಡುಗಳಲ್ಲಿ ಓಡುತ್ತದೆ. ಮೊದಲ ಸಲ ನೋಡಿದಾಗ ನಾನು ಸುಮಾರು ಹೊತ್ತು ಬಾಯಿಬಿಟ್ಟುಕೊಂಡು ಕೂತಿದ್ದೆ.

ಹಾಕುವುದು ಹೀಗೆ. ಮಷೀನ್ ಆಫ್ ಮಾಡಿ. ಎಡ್ಜ್ ಕನೆಕ್ಟರ್‌ನ ತಾಮ್ರದ ಪಟ್ಟಿಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ. ಹೊಸ ಬೋರ್ಡ್ ಕೆಟ್ಟಿದೆ ಅಂತ ವಾಪಸ್ ಕಳಿಸುವ ಎಷ್ಟೋ ಜನರ ನಿಜವಾದ ತೊಂದರೆ ಅಲ್ಲಿ ಕೂತ 40 ವರ್ಷದ ಕೊಳೆ. ಎಸ್‌ಡಿ ಕಾರ್ಡನ್ನು ಫ್ಯಾಟ್32 ಫಾರ್ಮ್ಯಾಟ್ ಮಾಡಿ, ಇಎಸ್‌ಎಕ್ಸ್‌ಡಾಸ್‌ನ ಫೋಲ್ಡರ್‌ಗಳನ್ನು ಕಾರ್ಡಿನ ಮೊದಲ ಹಂತದಲ್ಲೇ, ಬೇರೆ ಯಾವ ಫೋಲ್ಡರ್ ಒಳಗೂ ಅಲ್ಲದೆ, ಕಾಪಿ ಮಾಡಿ. ಒಂದು ವಿಷಯ ಗಮನದಲ್ಲಿರಲಿ: ಬೋರ್ಡಿನ ಒಳಗಿರುವ ಇಎಸ್‌ಎಕ್ಸ್‌ಡಾಸ್ ಮತ್ತು ಕಾರ್ಡಿನಲ್ಲಿರುವ ಫೈಲ್‌ಗಳು ಒಂದೇ ವರ್ಷನ್ ಆಗಿರಬೇಕು. ಪ್ಲಸ್2ಎ ಅಥವಾ ಪ್ಲಸ್3 ಮಾಡೆಲ್ ಇದ್ದರೆ ಬೋರ್ಡಿನಲ್ಲಿ ಅದಕ್ಕೊಂದು ಜಂಪರ್ (ಎರಡು ಪಿನ್ ಜೋಡಿಸುವ ಸಣ್ಣ ತುಂಡು) ಇದೆಯೇ ನೋಡಿ, ಇದ್ದರೆ ಬದಲಾಯಿಸಿ.

ಈಗ ನಮ್ಮ ಪ್ರಶ್ನೆಗೆ ಬರೋಣ. ಡಿವ್‌ಎಂಎಂಸಿ ಎಷ್ಟು ವೇಷ ಹಾಕುತ್ತದೆ? ಸ್ಪೆಕ್ಟ್ರಮ್‌ನ ರೋಮ್‌ನಲ್ಲಿ, ಅಂದರೆ ಬದಲಾಗದ ಒಳ ಮೆಮೊರಿಯಲ್ಲಿ, ಕ್ಯಾಸೆಟ್ ಓದುವ ಒಂದು ತುಣುಕು ಕೋಡ್ ಇದೆ. ಅದು ಓಡಲು ಹೊರಟಾಗ ಡಿವ್‌ಎಂಎಂಸಿ ನಡುವೆ ಕೈಹಾಕಿ "ಕ್ಯಾಸೆಟ್ ಯಾಕೆ, ತಗೋ ಡೇಟಾ" ಅಂತ ಕಾರ್ಡಿನಿಂದ ಕೊಟ್ಟುಬಿಡುತ್ತದೆ. ಸಾದಾ ಟ್ಯಾಪ್ ಫೈಲ್‌ಗಳಿಗೆ ಇದು ಸಾಕು. ಆದರೆ 80ರ ದಶಕದ ಎಷ್ಟೋ ಗೇಮ್‌ಗಳು ಕಾಪಿ ತಡೆಯಲೂ ವೇಗ ಹೆಚ್ಚಿಸಲೂ ರೋಮ್ ಬಿಟ್ಟು ತಮ್ಮದೇ ಲೋಡರ್ ತರುತ್ತಿದ್ದವು. ಅವು ನೇರ ಇಯರ್ ಸಾಕೆಟ್ ಕಡೆಗೇ ನೋಡುತ್ತವೆ. ಅಲ್ಲಿ ಸದ್ದೇ ಇಲ್ಲ! ಹಾಗಾಗಿ ಗೇಮ್ ಕಾಯುತ್ತಾ ಕೂರುತ್ತದೆ. ಇಂಥ ಗೇಮ್‌ಗೆ ಝಡ್80 ಅಥವಾ ಎಸ್‌ಎನ್‌ಎ ಸ್ನ್ಯಾಪ್‌ಶಾಟ್ ಫೈಲ್ ಬಳಸಿ. ಲೋಡ್ ಆಗಿ ಮುಗಿದ ಮೇಲಿನ ಮೆಮೊರಿಯನ್ನು ಹಾಗೇ ಎತ್ತಿಟ್ಟ ಚಿತ್ರ ಅದು. ಲೋಡರ್‌ನ ಗೊಡವೆಯೇ ಇರುವುದಿಲ್ಲ. ಲೋಡ್ ಆಗುವಾಗಿನ ಸಂಗೀತ, ಚಿತ್ರ ಎಲ್ಲ ಬೇಕು ಅಂದರೆ ಮತ್ತೆ ಟಿಝಡ್‌ಎಕ್ಸ್‌ಡುಯಿನೊ ಕಡೆಗೇ ಹೋಗಬೇಕು.

ಕಮಡೋರ್ 64: ಜನ ಹೆಚ್ಚು ಕೈ ಸುಟ್ಟುಕೊಳ್ಳುವುದು ಇಲ್ಲೇ

1982ರಲ್ಲಿ ಬಂದ ಈ ಮಷೀನಿನ ಡಿಸ್ಕ್ ಡ್ರೈವ್ 1541. ಅದನ್ನು ಬರೀ ಡ್ರೈವ್ ಅನ್ನುವುದು ಕಡಿಮೆ ಆಯಿತು. ಅದರೊಳಗೆ ಅದರದೇ 6502 ಪ್ರೊಸೆಸರ್ ಇದೆ, 2 ಕೆಬಿ ರ‍್ಯಾಮ್ ಇದೆ, ಸ್ವಂತ ರೋಮ್ ಇದೆ. ಅಂದರೆ ಕಂಪ್ಯೂಟರ್ ಪಕ್ಕದಲ್ಲಿ ಇನ್ನೊಂದು ಕಂಪ್ಯೂಟರ್. ಆದರೂ ಲೋಡಿಂಗ್ ಮಾತ್ರ ತೆವಳುತ್ತದೆ, ಸೆಕೆಂಡಿಗೆ ಸುಮಾರು 400 ಬೈಟ್. ಕಮಡೋರ್‌ನ ಹಿಂದಿನ ಕಂಪ್ಯೂಟರ್ ವಿಕ್-20 ಕಾಲದಲ್ಲಿ 6522 ಚಿಪ್‌ನ ಶಿಫ್ಟ್ ರಿಜಿಸ್ಟರ್‌ನಲ್ಲಿದ್ದ ದೋಷದಿಂದ ಒಂದೊಂದು ಬಿಟ್ಟನ್ನೂ ಸಾಫ್ಟ್‌ವೇರ್ ಕೈಯಾರೆ ದಾಟಿಸಬೇಕಾಯಿತು, ಮೇಲಿಂದ ಕಮಡೋರ್ 64ರಲ್ಲಿ ವಿಡಿಯೋ ಚಿಪ್ ಆಗಾಗ ಪ್ರೊಸೆಸರನ್ನು ತಡೆದು ನಿಲ್ಲಿಸುವುದರಿಂದ ಇನ್ನೂ ನಿಧಾನ ಮಾಡಬೇಕಾಯಿತು. ಇದನ್ನು ಸಹಿಸದ ಗೇಮ್ ಬರೆಯುವವರು ಏನು ಮಾಡಿದರು ಅಂದರೆ, ತಮ್ಮದೇ ಕೋಡನ್ನು ಡ್ರೈವಿನ 2 ಕೆಬಿ ರ‍್ಯಾಮಿಗೆ ಕಳಿಸಿ ಅಲ್ಲೇ ಓಡಿಸಿ, ಕೇಬಲ್ ಮೇಲೆ ತಮಗೆ ಬೇಕಾದ ಹೊಸ ಭಾಷೆಯಲ್ಲಿ ಮಾತಾಡಿದರು. ಇವೇ ಫಾಸ್ಟ್ ಲೋಡರ್‌ಗಳು.

ಇಷ್ಟು ಗೊತ್ತಾದರೆ ಮಾರುಕಟ್ಟೆಯಲ್ಲಿರುವ ಬೋರ್ಡ್‌ಗಳು ತಾವಾಗೇ ವಿಂಗಡವಾಗುತ್ತವೆ.

ಅಗ್ಗದ್ದು ಎಸ್‌ಡಿ2ಐಇಸಿ. ಬೆರಳುದ್ದದ ಬೋರ್ಡ್, ಸೀರಿಯಲ್ ಪೋರ್ಟ್‌ಗೆ ಒಂದು ಕೇಬಲ್, 5 ವೋಲ್ಟ್‌ಗೆ ಕ್ಯಾಸೆಟ್ ಪೋರ್ಟ್. ಒಳಗಿರುವುದು ಒಂದು ಸಣ್ಣ ಮೈಕ್ರೋಕಂಟ್ರೋಲರ್. ಅದು ಡ್ರೈವಿನ ಮಾತು ಆಡಬಲ್ಲದು, ಆದರೆ ಅದರೊಳಗೆ 6502 ಇಲ್ಲ. ಗೇಮ್ ಕಳಿಸಿದ ಕೋಡನ್ನು ಓಡಿಸಲು ಆಗುವುದಿಲ್ಲ. ಜಿಫಿಡಾಸ್ (ಲೋಡಿಂಗ್ ವೇಗ ಹೆಚ್ಚಿಸುವ ಬದಲಿ ರೋಮ್) ಮತ್ತು ಹೆಸರಾದ ಕೆಲವು ಫಾಸ್ಟ್ ಲೋಡರ್‌ಗಳನ್ನು ಗುರುತು ಹಿಡಿದು ನಿಭಾಯಿಸುತ್ತದೆ, ಅದರಾಚೆ ಕೈಚೆಲ್ಲುತ್ತದೆ. ನಾನು ಮೊದಲು ಕೊಂಡದ್ದು ಇದನ್ನೇ. ಒಂದೇ ಫೈಲಿನ ಗೇಮ್‌ಗಳು ಚೆನ್ನಾಗಿ ಓಡಿದವು. ಎರಡು ಮೂರು ಡಿಸ್ಕಿನ ದೊಡ್ಡ ಗೇಮ್ ಹಾಕಿದರೆ ಟೈಟಲ್ ಚಿತ್ರ ಬಂದು ಅಲ್ಲೇ ನಿಂತಿತು. ಒಂದು ವಾರ ಕಾರ್ಡ್ ಬದಲಾಯಿಸಿದೆ, ಕೇಬಲ್ ಬದಲಾಯಿಸಿದೆ, ಕೊನೆಗೆ ಮೇಲಿನ ಕಾರಣ ಗೊತ್ತಾಯಿತು. ಅದು ಕೆಟ್ಟ ಬೋರ್ಡ್ ಅಲ್ಲ. ಅದರಿಂದ ಏನು ಕೇಳಬೇಕು ಅಂತ ನನಗೆ ಯಾರೂ ಮೊದಲೇ ಹೇಳಿರಲಿಲ್ಲ.

ಬೇಸಿಕ್ ಪ್ರೋಗ್ರಾಂ ಬರೆಯುವವರಿಗೆ, ಒಂದೇ ಫೈಲಿನ ಗೇಮ್ ಆಡುವವರಿಗೆ ಎಸ್‌ಡಿ2ಐಇಸಿ ಸಾಕು. ಕಾರ್ಡಿನಲ್ಲಿ ಒಂದು ಫೈಲ್ ಬ್ರೌಸರ್ ಪ್ರೋಗ್ರಾಂ ಇಟ್ಟುಕೊಳ್ಳಿ, ಫೋಲ್ಡರ್ ಒಳಗೆ ಹೋಗಲು ಉದ್ದದ ಕಮಾಂಡ್ ಟೈಪ್ ಮಾಡುವ ಗೋಳು ತಪ್ಪುತ್ತದೆ.

ಪೂರ್ತಿ ವೇಷ ಬೇಕು ಅಂದರೆ ಎರಡು ದಾರಿ. ಒಂದು ಪೈ1541. ರಾಸ್ಪ್‌ಬೆರಿ ಪೈ 3 ಮೇಲೆ ಬೇರೆ ಯಾವ ಆಪರೇಟಿಂಗ್ ಸಿಸ್ಟಂ ಇಲ್ಲದೆ ನೇರ ಓಡುವ ಸಾಫ್ಟ್‌ವೇರ್ ಇದು. 1541ರ ಪ್ರೊಸೆಸರ್ ಒಂದೊಂದು ಹೆಜ್ಜೆಯಲ್ಲಿ ಏನು ಮಾಡುತ್ತದೋ ಅದನ್ನೇ ಅದೇ ಲಯದಲ್ಲಿ ಮಾಡುತ್ತದೆ. ಫಾಸ್ಟ್ ಲೋಡರ್‌ಗಳು ಮೋಸಹೋಗುತ್ತವೆ, ಒಳ್ಳೆಯ ಅರ್ಥದಲ್ಲಿ. ಪೈನ ಪಿನ್‌ಗಳು 3.3 ವೋಲ್ಟ್, ಕಮಡೋರ್‌ನದು 5 ವೋಲ್ಟ್, ಹಾಗಾಗಿ ನಡುವೆ ವೋಲ್ಟೇಜ್ ಹೊಂದಿಸುವ ಸಣ್ಣ ಬೋರ್ಡ್ ಬೇಕೇಬೇಕು. ನೇರ ತಂತಿ ಎಳೆಯಬೇಡಿ. 1541ರ ರೋಮ್ ಫೈಲನ್ನೂ ಕಾರ್ಡಿನಲ್ಲಿ ಇಡಬೇಕು, ಇಲ್ಲದಿದ್ದರೆ ಅದಕ್ಕೆ ಡ್ರೈವ್ ಆಗಲು ಬರುವುದಿಲ್ಲ. ಇನ್ನೊಂದು ದಾರಿ 1541 ಅಲ್ಟಿಮೇಟ್ ಕಾರ್ಟ್ರಿಜ್. ಇದರಲ್ಲಿ ಎಫ್‌ಪಿಜಿಎ ಚಿಪ್ ಇದೆ, ಅಂದರೆ ಡ್ರೈವಿನ ಸರ್ಕ್ಯೂಟನ್ನೇ ಚಿಪ್‌ನೊಳಗೆ ಮತ್ತೆ ಕಟ್ಟಿದ ಹಾಗೆ. ಬೆಲೆ ಜಾಸ್ತಿ, ಆದರೆ ಡ್ರೈವ್, ಕಾರ್ಟ್ರಿಜ್, ಹೆಚ್ಚುವರಿ ಮೆಮೊರಿ ಎಲ್ಲ ಒಂದರಲ್ಲೇ. ಕಾರ್ಟ್ರಿಜ್ ಸ್ಲಾಟಿಗೆ ಹಾಕಿ "ಡ್ರೈವ್ ಕಾಣಿಸುತ್ತಿಲ್ಲ" ಅನ್ನುವವರು ಅದರಿಂದ ಸೀರಿಯಲ್ ಪೋರ್ಟ್‌ಗೆ ಹೋಗುವ ಕೇಬಲ್ ಹಾಕಿದ್ದೀರಾ ನೋಡಿ. ಅದನ್ನು ಮರೆಯುವವರು ತುಂಬಾ ಜನ.

ಕಾರ್ಟ್ರಿಜ್ ರೂಪದ ಗೇಮ್‌ಗಳಷ್ಟೇ ಸಾಕು ಅನ್ನುವವರಿಗೆ ಈಸಿಫ್ಲ್ಯಾಶ್ ಇದೆ, 1 ಎಂಬಿ ಫ್ಲ್ಯಾಶ್ ಮೆಮೊರಿಯ ಕಾರ್ಟ್ರಿಜ್. ಇದರಲ್ಲಿ ಡ್ರೈವಿನ ನಾಟಕವೇ ಇಲ್ಲ, ಗೇಮ್ ನೇರ ಮೆಮೊರಿಗೆ ಬಂದು ಕೂರುತ್ತದೆ. ಸ್ವಿಚ್ ಹಾಕಿದ ಕೂಡಲೇ ಶುರು.

ಡ್ರೈವಿನ ವೇಷ ಹಾಕುವ ಯಾವ ಬೋರ್ಡಿಗೂ ಲೋಡ್ ಮಾಡುವ ಕಮಾಂಡ್ ಒಂದೇ: ಲೋಡ್"*",8,1. ನಕ್ಷತ್ರ ಅಂದರೆ ಡಿಸ್ಕಿನ ಮೊದಲ ಫೈಲ್. 8 ಡ್ರೈವಿನ ನಂಬರ್. ಕೊನೆಯ 1 ಅಂದರೆ ಫೈಲಿನಲ್ಲೇ ಬರೆದ ವಿಳಾಸಕ್ಕೆ ಹಾಕು ಅಂತ. ಹಳೇ ಡ್ರೈವನ್ನೂ ಹೊಸ ಬೋರ್ಡನ್ನೂ ಒಟ್ಟಿಗೆ ಹಾಕಿದರೆ ಎರಡೂ 8 ಆಗಿರಬಾರದು, ಇಬ್ಬರೂ ಒಟ್ಟಿಗೆ ಉತ್ತರ ಕೊಟ್ಟು ಕೇಬಲ್ ಕಟ್ಟಿಕೊಳ್ಳುತ್ತದೆ. ಗೇಮ್‌ಗಳು ಹೆಚ್ಚಾಗಿ 8ನ್ನೇ ಹುಡುಕುತ್ತವೆ, ಹಾಗಾಗಿ ಹೊಸದನ್ನು 8 ಮಾಡಿ ಹಳೆಯದನ್ನು 9 ಮಾಡಿ. 1541-2 ಮಾಡೆಲ್‌ನಲ್ಲಿ ಹಿಂಬದಿಯ ಸಣ್ಣ ಸ್ವಿಚ್‌ನಿಂದಲೇ ಇದು ಆಗುತ್ತದೆ.

ಅಮಿಗಾ ಮತ್ತು ಗೋಟೆಕ್

ಅಮಿಗಾ ಕಮಡೋರ್‌ನದೇ ಇನ್ನೊಂದು ಕಂಪ್ಯೂಟರ್, ಫ್ಲಾಪಿ ಬಳಸುವಂಥದ್ದು. ಗೋಟೆಕ್ ಅನ್ನುವುದು ಫ್ಲಾಪಿ ಡ್ರೈವ್ ಆಕಾರದ ಡಬ್ಬಿ, ಮುಂದೆ ಯುಎಸ್‌ಬಿ ಕಿಂಡಿ. ಕಸೂತಿ ಮಷೀನ್‌ಗಳಂಥ, ಇನ್ನೂ ಫ್ಲಾಪಿ ಕೇಳುವ ಕಾರ್ಖಾನೆ ಯಂತ್ರಗಳಿಗಾಗಿ ಮಾಡಿದ್ದು. ಅದರ ಮೂಲ ಫರ್ಮ್‌ವೇರ್‌ಗೆ (ಅದರೊಳಗೆ ಓಡುವ ಸಾಫ್ಟ್‌ವೇರ್) ಪಿಸಿ ಡಿಸ್ಕ್ ಮಾತ್ರ ಗೊತ್ತು, ಅಮಿಗಾದ 880 ಕೆಬಿ ಡಿಸ್ಕ್ ಗೊತ್ತಿಲ್ಲ. ಹಾಗಾಗಿ ಫ್ಲ್ಯಾಶ್‌ಫ್ಲಾಪಿ ಅನ್ನುವ ಉಚಿತ ಫರ್ಮ್‌ವೇರ್ ಹಾಕಬೇಕು. ಮೊದಲ ಸಲ ಹಾಕಲು ಜಂಪರ್, ಕೇಬಲ್ ಅಂತ ಸ್ವಲ್ಪ ಕೆಲಸ ಇದೆ, ಅದು ಬೇಡ ಅಂದರೆ ಹಾಕಿಯೇ ಮಾರುವವರಿಂದ ಕೊಳ್ಳಿ. ಆಮೇಲಿನ ಅಪ್‌ಡೇಟ್ ಸುಲಭ: ಫೈಲನ್ನು ಪೆನ್ ಡ್ರೈವ್‌ಗೆ ಹಾಕಿ, ಎರಡೂ ಬಟನ್ ಒತ್ತಿಹಿಡಿದು ಪವರ್ ಕೊಡುವುದು.

ಮೂರಂಕಿ ತೋರಿಸುವ ಡಿಸ್‌ಪ್ಲೇ ಇರುವುದನ್ನು ಕೊಳ್ಳಬೇಡಿ. 137 ಅಂದರೆ ಯಾವ ಡಿಸ್ಕ್ ಅಂತ ಯಾರು ನೆನಪಿಟ್ಟುಕೊಳ್ಳುತ್ತಾರೆ? ಹೆಸರು ತೋರಿಸುವ ಒಎಲ್‌ಇಡಿ ಪರದೆ, ತಿರುಗಿಸುವ ಗುಂಡಿ ಎರಡೂ ಇರುವುದನ್ನೇ ತೆಗೆದುಕೊಳ್ಳಿ.

ಅಮಿಗಾದ ಒಳಗಿನ ಡ್ರೈವ್ ಬಿಚ್ಚಿ, 34 ಪಿನ್ನಿನ ರಿಬ್ಬನ್ ಕೇಬಲನ್ನು ಗೋಟೆಕ್‌ಗೆ ಹಾಕಿ, ಜಂಪರ್ ಎಸ್0 ಮೇಲೆ ಇರಲಿ. ಡ್ರೈವ್ ಸದಾ ಓಡುತ್ತಲೇ ಇರುವ ಹಾಗೆ ಕಂಡರೆ ರಿಬ್ಬನ್ ಉಲ್ಟಾ ಆಗಿರುವುದೇ ಜಾಸ್ತಿ. ನಾಲ್ಕು ಪಿನ್ನಿನ ಪವರ್ ಪ್ಲಗ್ ಮಾತ್ರ ಎರಡು ಸಲ ನೋಡಿ ಹಾಕಿ. ಅದರ ಒಂದು ತುದಿಯಲ್ಲಿ 5 ವೋಲ್ಟ್, ಇನ್ನೊಂದು ತುದಿಯಲ್ಲಿ 12. ತಿರುಗಿಸಿ ಹಾಕಿದರೆ ಗೋಟೆಕ್ ಸುಟ್ಟುಹೋಗುತ್ತದೆ. ತಂತಿ ಬಣ್ಣ ನಂಬಬೇಡಿ, ಅಳೆಯಿರಿ.

ಪೆನ್ ಡ್ರೈವ್‌ಗೆ ಎಡಿಎಫ್ ಫೈಲ್‌ಗಳನ್ನು (ಅಮಿಗಾ ಡಿಸ್ಕಿನ ಪೂರ್ತಿ ನಕಲು) ಕಾಪಿ ಮಾಡಿ. ಸಾದಾ ಎಡಿಎಫ್ ಆದರೆ ಸರಿಯಾಗಿ 901,120 ಬೈಟ್ ಇರುತ್ತದೆ, ಕಡಿಮೆ ಇದ್ದರೆ ಫೈಲ್ ಅರ್ಧ ಬಂದಿದೆ. ಗೋಟೆಕ್ ಫ್ಲಾಪಿಯ ವೇಷವನ್ನು ಚೆನ್ನಾಗೇ ಹಾಕುತ್ತದೆ, ವೇಗವೂ ಫ್ಲಾಪಿಯದ್ದೇ. ಒಳಗಿನ ಹಳೇ ಡ್ರೈವನ್ನು ಎಸೆಯಬೇಡಿ, ಗೋಟೆಕ್‌ಗಾಗಿ ಡಬ್ಬಿ ಕೊರೆಯಲೂ ಬೇಡಿ. ಕತ್ತರಿಸದೆ ಕೂರಿಸುವ ಹೊಂದಾಣಿಕೆ ತುಂಡುಗಳನ್ನು 3ಡಿ ಪ್ರಿಂಟ್ ಮಾಡಿಸಬಹುದು. ಆ ಪ್ಲಾಸ್ಟಿಕ್ ಡಬ್ಬಿಗಳನ್ನು ಮತ್ತೆ ಯಾರೂ ಮೊದಲಿನ ಹಾಗೆ ಮಾಡಿಕೊಡುವುದಿಲ್ಲ, ದಯವಿಟ್ಟು ಗರಗಸ ದೂರ ಇಡಿ.

ಅಮಿಗಾ 600 ಅಥವಾ 1200 ಇದ್ದರೆ ಒಳಗೆ ಹಾರ್ಡ್ ಡಿಸ್ಕ್ ಜೋಡಿಸುವ 44 ಪಿನ್ನಿನ ಐಡಿಇ ಕನೆಕ್ಟರ್ ಇದೆ. ಅಲ್ಲಿಗೆ ಕಾಂಪ್ಯಾಕ್ಟ್ ಫ್ಲ್ಯಾಶ್ ಅಡಾಪ್ಟರ್ ಹಾಕಿದರೆ ಅದೇ ಹಾರ್ಡ್ ಡಿಸ್ಕ್. ಡಬ್ಲ್ಯೂಎಚ್‌ಡಿ ಲೋಡ್ ಅನ್ನುವ ಪ್ರೋಗ್ರಾಂ ಬಳಸಿ ಗೇಮ್‌ಗಳನ್ನು ಅದರಿಂದಲೇ ಓಡಿಸಬಹುದು, ಡಿಸ್ಕ್ ಬದಲಾಯಿಸುವ ಕೆಲಸವೇ ಇಲ್ಲ. ಇದಕ್ಕೆ ಹೆಚ್ಚುವರಿ ಮೆಮೊರಿ ಬೇಕಾಗುತ್ತದೆ. ಹಳೇ ಸಿಸ್ಟಂ 4 ಜಿಬಿ ದಾಟಿದರೆ ಡೇಟಾ ಹಾಳುಮಾಡುತ್ತದೆ, 4 ಜಿಬಿ ಅಥವಾ ಅದಕ್ಕಿಂತ ಸಣ್ಣ ಕಾರ್ಡ್ ಹಾಕಿ.

ಉಳಿದ ಮಷೀನ್‌ಗಳು, ಚುಟುಕಾಗಿ

ಅಟಾರಿ 8 ಬಿಟ್ ಇದ್ದವರು ಅದೃಷ್ಟವಂತರು. ಎಸ್‌ಐಒ ಅನ್ನುವ ಅದರ ಸೀರಿಯಲ್ ಪೋರ್ಟ್‌ಗೆ ಫುಜಿನೆಟ್ ಬೋರ್ಡ್ ಸಿಕ್ಕಿಸಿದರೆ ಮುಗಿಯಿತು. ಇಎಸ್‌ಪಿ32 ಚಿಪ್, ಎಸ್‌ಡಿ ಕಾರ್ಡ್, ವೈಫೈ ಎಲ್ಲ ಅದರಲ್ಲೇ. ಡಿಸ್ಕ್ ಇಮೇಜನ್ನು (ಡಿಸ್ಕಿನ ನಕಲು ಫೈಲ್) ನೆಟ್‌ವರ್ಕ್ ಮೇಲಿಂದಲೇ ತರುತ್ತದೆ, ಪ್ರಿಂಟರ್, ಮೋಡೆಂ ವೇಷವನ್ನೂ ಹಾಕುತ್ತದೆ. ಎಕ್ಸ್‌ಎಲ್, ಎಕ್ಸ್‌ಇ ಮಾಡೆಲ್‌ಗಳಲ್ಲಿ ಗೇಮ್ ಬದಲು ಬೇಸಿಕ್ ಬರುತ್ತಿದ್ದರೆ ಆಪ್ಷನ್ ಕೀ ಹಿಡಿದು ಆನ್ ಮಾಡಿ.

ಆಪಲ್ 2ಕ್ಕೆ ಫ್ಲಾಪಿ ಎಮು ಅನ್ನುವ ಬೋರ್ಡ್ ಒಳ್ಳೆಯದು. ಆದರೆ ಡಿಸ್ಕ್ 2 ಕಾರ್ಡಿನ (ಆಪಲ್‌ನ ಫ್ಲಾಪಿ ಡ್ರೈವ್ ಕಾರ್ಡ್) 20 ಪಿನ್ ಕನೆಕ್ಟರ್‌ಗೆ ಸರಿಯಾದ ಜಾಗ ತೋರಿಸುವ ಕಚ್ಚು ಇಲ್ಲ. ಒಂದು ಪಿನ್ ಪಕ್ಕಕ್ಕೆ ಸರಿದು ಕೂತರೂ ಆನ್ ಮಾಡಿದ ಕ್ಷಣ ಚಿಪ್ ಸುಡುತ್ತದೆ. ಟಾರ್ಚ್ ಹಿಡಿದು ಎರಡೂ ತುದಿ ಎಣಿಸಿ ನೋಡಿದ ಮೇಲೇ ಸ್ವಿಚ್ ಮುಟ್ಟಿ. ಕಾಪಿ ತಡೆ ಇರುವ ಡಿಸ್ಕ್‌ಗಳಿಗೆ ಸಾದಾ ಡಿಎಸ್‌ಕೆ ಇಮೇಜ್ ಬದಲು ಆ ತಡೆಯನ್ನೂ ಹಿಡಿದಿಡುವ ವೋಝ್ ಫೈಲ್ ಹುಡುಕಿ.

ಬಿಬಿಸಿ ಮೈಕ್ರೋಗೆ ಯೂಸರ್ ಪೋರ್ಟ್‌ಗೆ ಹಾಕುವ ಎಸ್‌ಡಿ ಬೋರ್ಡ್, ಒಳಗೆ ಕಾರ್ಡನ್ನು ಡಿಸ್ಕಿನ ಹಾಗೆ ಓದಿಸುವ ಎಂಎಂಎಫ್‌ಎಸ್ ರೋಮ್. ಶಿಫ್ಟ್ ಹಿಡಿದು ಬ್ರೇಕ್ ಒತ್ತಿ ಬಿಟ್ಟರೆ ಡಿಸ್ಕ್ ಬೂಟ್ ಆಗುತ್ತದೆ.

ಕಾರ್ಡ್ ಮತ್ತು ಫೈಲ್

ದೊಡ್ಡ ಕಾರ್ಡ್ ಬೇಡ. 64 ಜಿಬಿ ಮತ್ತು ಮೇಲಿನವು ಎಕ್ಸ್‌ಫ್ಯಾಟ್ ಫಾರ್ಮ್ಯಾಟ್‌ನಲ್ಲಿ ಬರುತ್ತವೆ, ಈ ಸಣ್ಣ ಬೋರ್ಡ್‌ಗಳಲ್ಲಿ ಎಷ್ಟೋ ಅದನ್ನು ಓದುವುದಿಲ್ಲ. 32 ಜಿಬಿ ಒಳಗಿನದು, ಫ್ಯಾಟ್32, ಅಷ್ಟು ಸಾಕು. ಕಮಡೋರ್‌ನ ಒಂದು ಡಿ64 ಡಿಸ್ಕ್ 174,848 ಬೈಟ್ ಮಾತ್ರ, ಲೆಕ್ಕ ಹಾಕಿ ನೋಡಿ ಎಷ್ಟು ಹಿಡಿಯುತ್ತದೆ ಅಂತ. ಫೈಲ್ ಹೆಸರು ಚಿಕ್ಕದಾಗಿರಲಿ, ಅಕ್ಷರ ಮತ್ತು ಅಂಕಿ ಮಾತ್ರ ಇರಲಿ. ಮ್ಯಾಕ್‌ನಿಂದ ಕಾಪಿ ಮಾಡಿದರೆ ಚುಕ್ಕೆ ಮತ್ತು ಅಡಿಗೆರೆಯಿಂದ ಶುರುವಾಗುವ ಅಡಗಿದ ಫೈಲ್‌ಗಳು ಜೊತೆಗೆ ಬಂದು ಪಟ್ಟಿಯಲ್ಲಿ ಕಸದ ಹಾಗೆ ಕಾಣುತ್ತವೆ, ಅವನ್ನು ಅಳಿಸಿ. ಗೇಮ್ ತನ್ನ ಸ್ಕೋರನ್ನು ಇಮೇಜ್ ಮೇಲೇ ಬರೆಯಬಹುದು, ಹಾಗಾಗಿ ಮೂಲ ಫೈಲ್‌ಗಳ ಒಂದು ಕಾಪಿ ಬೇರೆ ಕಡೆ ಇರಲಿ.

ಫೈಲ್ ಎಲ್ಲಿಂದ ಅಂತೀರಾ? ಈ ಮಷೀನ್‌ಗಳಿಗೆ ಇವತ್ತಿಗೂ ಹೊಸ ಗೇಮ್ ಬರೆಯುವವರಿದ್ದಾರೆ, ಅವರಿಂದ ಕೊಳ್ಳಿ. ಹಳೆಯವುಗಳ ಹಕ್ಕು ಇನ್ನೂ ಯಾರದೋ ಕೈಯಲ್ಲಿರುತ್ತದೆ, ನಿಮ್ಮ ಹತ್ತಿರ ಇರುವ ಡಿಸ್ಕ್‌ಗಳಿಂದಲೇ ಶುರು ಮಾಡುವುದು ಚಂದ.

ಒಂದು ಗೇಮ್ ಓಡದಿದ್ದರೆ ಬೋರ್ಡ್ ಬೈಯುವ ಮೊದಲು ಬೇರೆ ಎರಡು ಗೇಮ್ ಹಾಕಿ ನೋಡಿ. ಅವು ಓಡಿದರೆ ಬೋರ್ಡ್ ಸರಿ ಇದೆ, ಆ ಗೇಮ್ ಕೇಳುವ ವೇಷ ಇದಕ್ಕೆ ಬರುವುದಿಲ್ಲ ಅಷ್ಟೇ. ಆಮೇಲೆ ಟಿವಿ ಪದ್ಧತಿ ನೋಡಿ, ಪಾಲ್ (50 ಹರ್ಟ್ಸ್) ಅಥವಾ ಎನ್‌ಟಿಎಸ್‌ಸಿ (60 ಹರ್ಟ್ಸ್). 60 ಹರ್ಟ್ಸ್ ಮಷೀನಿಗೆ ಬರೆದ ಗೇಮ್ 50 ಹರ್ಟ್ಸ್ ಮಷೀನಿನಲ್ಲಿ ಲೋಡ್ ಆಗದೆಯೂ ಇರಬಹುದು. ಯಾವುದೂ ಓಡದಿದ್ದರೆ ಕನೆಕ್ಟರ್ ಒರೆಸಿ, ಆಮೇಲೆ ಬೇರೆ ಕಾರ್ಡ್, ಕೊನೆಗೆ ಫರ್ಮ್‌ವೇರ್.

ಹಳೇ ಡಿಸ್ಕ್‌ಗಳನ್ನು ಬಿಡಬೇಡಿ

ಹೊಸ ಬೋರ್ಡ್ ಬಂದ ಖುಷಿಯಲ್ಲಿ ಹಳೇ ಫ್ಲಾಪಿಗಳ ಡಬ್ಬ ಅಟ್ಟಕ್ಕೆ ಹೋಗುತ್ತದೆ. ಅದು ಆಗಬಾರದು. ಗೇಮ್‌ಗಳು ಎಲ್ಲಾದರೂ ಸಿಗುತ್ತವೆ. ಯಾರೋ ಕೈಯಾರೆ ಟೈಪ್ ಮಾಡಿದ ಬೇಸಿಕ್ ಪ್ರೋಗ್ರಾಂ, ಪತ್ರ, ಲೆಕ್ಕ, ಅಮಿಗಾದಲ್ಲಿ ಮಾಡಿದ ಹಾಡು ಇವೆಲ್ಲ ಆ ಒಂದು ಡಿಸ್ಕಿನಲ್ಲಿ ಮಾತ್ರ ಇವೆ. ಕಮಡೋರ್ ಡಿಸ್ಕ್‌ಗೆ ಝೂಮ್‌ಫ್ಲಾಪಿ ಅನ್ನುವ ಯುಎಸ್‌ಬಿ ಬೋರ್ಡ್ ಇದೆ, ಹಳೇ 1541ನ್ನು ನೇರ ಇವತ್ತಿನ ಕಂಪ್ಯೂಟರ್‌ಗೆ ಜೋಡಿಸುತ್ತದೆ. ಅಮಿಗಾ ಡಿಸ್ಕ್‌ಗೆ ಗ್ರೀಸ್‌ವೀಝಲ್ ಬೋರ್ಡ್ ಮತ್ತು ಒಂದು ಸಾದಾ ಪಿಸಿ ಫ್ಲಾಪಿ ಡ್ರೈವ್ ಸಾಕು, ಅದು ಡಿಸ್ಕಿನ ಕಾಂತೀಯ ಏರಿಳಿತವನ್ನೇ ಹಾಗೇ ದಾಖಲಿಸುತ್ತದೆ. ಡಿಸ್ಕಿನ ಮೇಲೆ ಬೂಷ್ಟು ಕಂಡರೆ ಡ್ರೈವ್‌ಗೆ ಹಾಕಲೇಬೇಡಿ, ಮೊದಲು ಸ್ವಚ್ಛ ಮಾಡಿ. ಪ್ರತಿ ಡಿಸ್ಕ್ ಆದ ಮೇಲೆ ಡ್ರೈವಿನ ಹೆಡ್ಡನ್ನು ಆಲ್ಕೋಹಾಲ್ ಹಚ್ಚಿದ ಹತ್ತಿಕಡ್ಡಿಯಿಂದ ಒರೆಸಿ. ಮೊದಲ ಸಲಕ್ಕೇ ಓದಿಕೊಳ್ಳಿ, ಯಾಕೆಂದರೆ ಕೆಲವು ಡಿಸ್ಕ್‌ಗಳ ಮೇಲ್ಪದರ ಎರಡನೇ ಸಲಕ್ಕೆ ಉಳಿದಿರುವುದಿಲ್ಲ. ಓದಿದ್ದನ್ನು ಫೈಲ್ ಮಾಡಿ, ಡಿಸ್ಕಿನ ಲೇಬಲ್ ಮೇಲೆ ಪೆನ್ನಿನಲ್ಲಿ ಬರೆದಿರುವುದನ್ನೂ ಒಂದು ಫೋಟೋ ತೆಗೆದು ಅದೇ ಫೋಲ್ಡರ್‌ನಲ್ಲಿ ಇಡಿ.